ಪಲ್ಲಾವರದ ವಿಳಾಸ: ಲೈಸೆನ್ಸಿನ ಒಂದು ಚರಿತ್ರೆ

1956ರ ನವೆಂಬರ್ 1ಕ್ಕೆ ಮುಂಚೆ ಉಡುಪಿಯಿಂದಲೋ ಪುತ್ತೂರಿನಿಂದಲೋ ಮದರಾಸಿಗೆ ಹೊರಟವರು ಪರರಾಜ್ಯಕ್ಕೆ ಹೊರಟವರಾಗಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಸರ್ಕಾರಕ್ಕೇ ಸೇರಿತ್ತು. ಬಳ್ಳಾರಿಯೂ 1953ರವರೆಗೆ ಹಾಗೆಯೇ ಇತ್ತು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು, ಬೆಂಗಳೂರುಗಳ ಕಡೆಯಿಂದ ಬಂದವರು ಮಾತ್ರ ಸಂಸ್ಥಾನದ ಪ್ರಜೆಗಳು. ಮದರಾಸಿನ ಕನ್ನಡಿಗರಲ್ಲಿ ಹೀಗೆ ಎರಡು ಬಗೆಯವರಿದ್ದರೆಂಬುದನ್ನು ನಾವು ಈಗ ಮರೆತಿದ್ದೇವೆ. ಭಾಷಾವಾರು ಪ್ರಾಂತ್ಯಗಳಾದ ದಿನ, ಮನೆ ಬದಲಿಸದೆಯೇ, ಮೊದಲನೆಯ ಬಗೆಯವರೂ ಹೊರನಾಡ ಕನ್ನಡಿಗರಾದರು.

ಮೋಟಾರು ಲೈಸೆನ್ಸಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. 1914ರ ಹಳೆಯ ಕಾಯಿದೆಯ ಬದಲು 1939ರಲ್ಲಿ ಬಂದ ಮೋಟಾರು ವಾಹನ ಕಾಯಿದೆ ಬ್ರಿಟಿಷ್ ಇಂಡಿಯಾದ್ದು. ಮೈಸೂರು ಸಂಸ್ಥಾನ ಅದರ ಹೊರಗಿತ್ತು. ಮಂಗಳೂರಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರರ ಮುಂದೆ ಗಾಡಿ ಓಡಿಸಿ ತೋರಿಸಿದವನ ಕೈಯಲ್ಲಿದ್ದುದು ಮದರಾಸು ಪ್ರಾಂತ್ಯದ ಲೈಸೆನ್ಸೇ. ಇನ್ನೊಂದು ವಿಷಯ: ಅರ್ಜಿದಾರನು ತಾನು ಸಾಧಾರಣವಾಗಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಪ್ರದೇಶದ ಅಧಿಕಾರಿಗೆ ಅರ್ಜಿ ಕೊಡಬೇಕೆಂದು ಆ ಕಾಯಿದೆ ಹೇಳಿತು. 1988ರ ಕಾಯಿದೆಯೂ ಆ ಮಾತನ್ನು ಉಳಿಸಿಕೊಂಡಿತು. ‘ನಿಮ್ಮ ಊರು ಯಾವುದು’ ಎಂದು ಕೇಳಿದರೆ ನಮ್ಮವರು ಥಟ್ಟನೆ ಕುಂದಾಪುರ, ಶಿವಮೊಗ್ಗ ಎನ್ನುತ್ತಾರೆ. ಕಾಯಿದೆ ಕೇಳುವುದು ಅದನ್ನಲ್ಲ. ನೀವು ದಿನಾ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳುತ್ತದೆ.

ಹಿಂದಿನ ತಲೆಮಾರಿಗೆ ಈ ಪ್ರಶ್ನೆ ಎದುರಾದದ್ದೇ ಕಡಿಮೆ. ಹೋಟೆಲಿನಲ್ಲಿ ದುಡಿಯುತ್ತಿದ್ದವರಿಗೆ ಕಾರೆಂಬುದು ಗಿರಾಕಿಗಳ ವಸ್ತು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದಾಗ, ಕಾರಿನಲ್ಲೇ ಕುಳಿತವರ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಕೊಟ್ಟ ಕೈಗಳಲ್ಲಿ ಎಷ್ಟು ಕೈಗಳು ಸ್ಟಿಯರಿಂಗ್ ಹಿಡಿದಿದ್ದವು? ಆ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಪಲ್ಲಾವರದಲ್ಲಿ ನೆಲೆಸಿದವರಿಗಂತೂ ರೈಲೇ ಕಾಲು. ಬೀಚ್–ತಾಂಬರಂ ನಡುವೆ 1931ರಿಂದಲೇ ವಿದ್ಯುತ್ ರೈಲು ಓಡುತ್ತಿತ್ತು. ಸ್ಟೇಷನ್ನಿನಿಂದ ಮನೆಗೆ ನಡಿಗೆ, ಶುಕ್ರವಾರದ ಸಂತೆಗೂ ನಡಿಗೆ.

ಬದಲಾವಣೆ ಬಂದದ್ದು ಎಂಬತ್ತರ ದಶಕದಲ್ಲಿ. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಹೊರಬಂತು, 1983ರ ಕೊನೆಗೆ ಮಾರುತಿ ಬಂತು. ಅಂಬಾಸಡರು, ಫಿಯೆಟ್ಟುಗಳಲ್ಲಿ ಗೇರು ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಮಾರುತಿಯಲ್ಲಿ ಅದು ಕೆಳಕ್ಕಿಳಿಯಿತು. ನಲವತ್ತು ದಾಟಿದ ಗುಮಾಸ್ತರು, ಮಕ್ಕಳನ್ನು ಶಾಲೆಗೆ ಬಿಡಬೇಕಾದ ತಾಯಂದಿರು, ಅದುವರೆಗೆ ಸೈಕಲ್ಲನ್ನೂ ಮುಟ್ಟದವರು, ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಬಂದರು. ಹದಿನೆಂಟರ ಹುಡುಗ ಕಲಿಯುವುದೇ ಬೇರೆ. ಬಿದ್ದರೂ ಎದ್ದು ನಗುತ್ತಾನೆ. ನಲವತ್ತೈದರ ಮನುಷ್ಯನಿಗೆ ಬೀಳುವುದಕ್ಕಿಂತ ಹೆಚ್ಚಾಗಿ, ನೆರೆಯವರು ನೋಡಿಯಾರೆಂಬುದೇ ಭಯ.

ಕಲಿಸುವ ಮೇಷ್ಟ್ರ ಮಾತು ತಮಿಳು. ಇಲ್ಲಿ ಒಂದು ಸ್ವಾರಸ್ಯವಿದೆ. ‘ಇಡದು’ ಎಂದರೆ ನಮ್ಮ ಎಡ. ‘ವಲದು’ ಎಂದರೆ ಬಲ. ‘ವಂಡಿ’ ಬಂಡಿಯಾದಂತೆ, ‘ವಾ’ ಎಂಬುದು ಬಾ ಆದಂತೆ. ‘ನಿಲ್ಲು’ ನಿಲ್ಲೇ. ‘ಪಿನ್ನಾಡಿ ಪೋ’ ಎಂದಾಗ, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತೆಂಬ ಶಾಲೆಯ ಪಾಠ ನೆನಪಿದ್ದವನು ತಾನಾಗಿ ಹಿಂದಕ್ಕೆ ಹೋಗುತ್ತಾನೆ. ಹೊಸದಾಗಿ ಬಂದ ಸೊಸೆಯಂದಿರು ಪಲ್ಲಾವರದಲ್ಲಿ ತಮಿಳು ಕಲಿಯಲು ಅಂಗಡಿ ಬೀದಿಗಿಂತ ಕಲಿಕೆಯ ಕಾರು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಕ್ರಿಯಾಪದಕ್ಕೂ ಕೂಡಲೇ ಫಲ ಕಾಣುತ್ತದೆ. (ಅವಸರದಲ್ಲಿ ಮೇಷ್ಟ್ರೂ ‘ಲೆಫ್ಟು, ಲೆಫ್ಟು’ ಎಂದೇ ಕೂಗುತ್ತಾರೆಂಬುದು ಬೇರೆ ಮಾತು.)

ಮೊದಲು ಎಲ್.ಎಲ್.ಆರ್. ಸಂಚಾರ ಚಿಹ್ನೆಗಳ ಪ್ರಶ್ನೆಗಳಲ್ಲಿ ನೂರಕ್ಕೆ ಅರವತ್ತಾದರೂ ಸರಿಯಾಗಬೇಕು. ಅದು ಸಿಕ್ಕ ಮೇಲೆ 30 ದಿನ ಕಾದು, ಆರು ತಿಂಗಳೊಳಗೆ ಓಡಿಸಿ ತೋರಿಸಬೇಕು. ಬಿಳಿಯ ಫಲಕದ ಮೇಲೆ ಕೆಂಪು ‘ಎಲ್’ ಅಕ್ಷರ. 1989ರ ಕೇಂದ್ರ ನಿಯಮಗಳಲ್ಲಿ ಫಲಕದ ಅಳತೆ 18 ಸೆಂಟಿಮೀಟರ್ ಎಂದೂ ಬರೆದಿದೆ. ನಲವತ್ತು ದಾಟಿದವರು ವೈದ್ಯರ ಸರ್ಟಿಫಿಕೇಟು ತರಬೇಕು. ಸ್ಕೂಟರಿನವರು ಕಾಲು ಊರದೆ ಎಂಟರ ಅಂಕಿಯಂತೆ ಸುತ್ತಬೇಕು. ಅದಕ್ಕೆ ತಮಿಳರು ‘ಎಟ್ಟು ಪೋಡುವುದು’ ಎನ್ನುತ್ತಾರೆ. ಪಲ್ಲಾವರದ ನಮ್ಮ ಮನೆಗಳಲ್ಲೂ ‘ಅವಳು ಎಂಟು ಹಾಕಿ ಬಂದಳು’ ಎಂದೇ ಮಾತಾಯಿತು.

ಇದೆಲ್ಲಕ್ಕಿಂತ ಕಷ್ಟದ್ದು ವಿಳಾಸ. ಬಾಡಿಗೆ ಮನೆ, ಊರಿನಲ್ಲಿರುವ ರೇಷನ್ ಕಾರ್ಡು, ಊರಿನ ಮತದಾರರ ಪಟ್ಟಿಯಲ್ಲಿರುವ ಹೆಸರು. ಆದ್ದರಿಂದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ, ಪರಿಚಯದ ಡ್ರೈವಿಂಗ್ ಸ್ಕೂಲಿನ ಮೂಲಕ ಅಲ್ಲಿಯೇ ಲೈಸೆನ್ಸು ಮಾಡಿಸಿಕೊಂಡು ಬರುವುದು ಅನೇಕರಿಗೆ ಸುಲಭವೆನಿಸಿತು. ಲೈಸೆನ್ಸು ಇಡೀ ಭಾರತದಲ್ಲಿ ನಡೆಯುತ್ತದೆ, ನಿಜ. ಆದರೆ ಕರ್ನಾಟಕದಲ್ಲಿ ನೋಂದಾಯಿಸಿದ ಗಾಡಿಯನ್ನು ತಂದು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಅದಕ್ಕೆ ತಮಿಳುನಾಡಿನ ನಂಬರು ಪಡೆಯಬೇಕು. ಗಾಡಿ ಒಂದು ವರ್ಷದಲ್ಲಿ ಈ ಊರಿನದಾಗುತ್ತದೆ. ಅದನ್ನು ಓಡಿಸುವವನಿಗೆ ಅಂಥ ಗಡುವಿಲ್ಲ, ಮೂವತ್ತು ವರ್ಷವಾದರೂ ಅವನ ಲೈಸೆನ್ಸಿನಲ್ಲಿ ಅಜ್ಜನ ಮನೆಯ ಹೆಸರೇ ಇರಬಹುದು. ಅಭಿಮಾನವೆಂದು ಕೆಲವರು ಇದನ್ನು ಹೊಗಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಜಿ.ಎಸ್.ಟಿ. ರಸ್ತೆಯಲ್ಲಿ ಅಪಘಾತವಾಗಿ ಮಾತಾಡಲಾರದೆ ಬಿದ್ದವನ ಜೇಬಿನಲ್ಲಿ ಸಿಗುವ ವಿಳಾಸ ಏಳುನೂರು ಕಿಲೋಮೀಟರು ದೂರದ ಬೀಗ ಹಾಕಿದ ಮನೆಯದಾದರೆ ಪೊಲೀಸರು ಯಾರ ಬಾಗಿಲು ತಟ್ಟಬೇಕು?

ಪಲ್ಲಾವರದ ವಿಳಾಸವೂ ಸ್ಥಿರವಾಗಿ ನಿಂತಿಲ್ಲ. ಮದರಾಸು ರಾಜ್ಯ 1969ರಲ್ಲಿ ತಮಿಳುನಾಡಾಯಿತು, ಮದರಾಸು ನಗರ 1996ರಲ್ಲಿ ಚೆನ್ನೈ ಆಯಿತು. ಕಾಂಚೀಪುರಂ ಜಿಲ್ಲೆಯಲ್ಲಿದ್ದ ಪಲ್ಲಾವರಂ 2019ರಲ್ಲಿ ಹೊಸ ಚೆಂಗಲ್ಪಟ್ಟು ಜಿಲ್ಲೆಗೆ, 2021ರಲ್ಲಿ ಅದರ ಪುರಸಭೆ ತಾಂಬರಂ ಮಹಾನಗರಪಾಲಿಕೆಗೆ ಸೇರಿತು. ಇದೇ ಬೀದಿಯಲ್ಲಿ ಬಾಳಿದ ಹಿರಿಯರು ಹಳೆಯ ಪುಸ್ತಕದಂಥ ಲೈಸೆನ್ಸು, ಆಮೇಲಿನ ಕಾರ್ಡು ಎರಡನ್ನೂ ತೆರೆದಿಟ್ಟರೆ, ಮನೆ ಒಂದೇ, ಜಿಲ್ಲೆ ರಾಜ್ಯಗಳ ಹೆಸರು ಬೇರೆಬೇರೆ.

2019ರ ತಿದ್ದುಪಡಿಯ ನಂತರ ರಾಜ್ಯದ ಯಾವ ಆರ್.ಟಿ.ಓ. ಕಚೇರಿಯಲ್ಲಾದರೂ ಅರ್ಜಿ ಹಾಕಬಹುದು. ಅದೇ ತಿದ್ದುಪಡಿಯಂತೆ 30ರಿಂದ 50 ವರ್ಷದೊಳಗಿನವರಿಗೆ ಹತ್ತು ವರ್ಷದ ಲೈಸೆನ್ಸು, 55 ದಾಟಿದವರಿಗೆ ಐದೇ ವರ್ಷದ್ದು. ಈ ಸಲ ನವೀಕರಿಸಲು ಹೋಗುವ ನಮ್ಮ ಹಿರಿಯ ಸದಸ್ಯರು ಕಣ್ಣಿನ ಪರೀಕ್ಷೆ ಮೊದಲು ಮಾಡಿಸಿಕೊಳ್ಳಲಿ. ವಿಳಾಸದ ಕಾಲಮ್ಮನ್ನೂ ಒಮ್ಮೆ ಓದಿ ನೋಡಲಿ.