ರಹಸ್ಯ ಕೀಲಿಯ ವಲಸೆ

ಪಾಸ್‌ವರ್ಡ್ ಒಂದನ್ನೇ ನಂಬದೆ, ಬಳಕೆದಾರರ ಕೈಯಲ್ಲಿರುವ ಸಾಧನವೊಂದು ಕೊಡುವ ಅಂಕಿಯನ್ನೂ ಕೇಳಿದ ಮೇಲಷ್ಟೇ ಖಾತೆ ತೆರೆಯುವ ಕ್ರಮಕ್ಕೆ ಎರಡು ಹಂತದ ದೃಢೀಕರಣವೆಂದು ಹೆಸರು. 1980ರ ದಶಕದಲ್ಲಿ ಅಮೆರಿಕದ ಸೆಕ್ಯೂರಿಟಿ ಡೈನಮಿಕ್ಸ್ ಕಂಪನಿ ರೂಪಿಸಿದ ಸೆಕ್ಯೂರ್‌ಐಡಿ ಸಾಧನ ಇದರ ಹಳೆಯ ಮಾದರಿಗಳಲ್ಲೊಂದು. ಅಂಕಿಯನ್ನು ಲೆಕ್ಕಹಾಕಲು ಬೇಕಾದ ರಹಸ್ಯ ಕೀಲಿಯನ್ನು, ಅಂದರೆ ಸಾಧನಕ್ಕೂ ಸರ್ವರಿಗೂ ಮಾತ್ರ ಗೊತ್ತಿರಬೇಕಾದ ದೊಡ್ಡ ಸಂಖ್ಯೆಯೊಂದನ್ನು, ಮೊದಲೇ ಅದರೊಳಗೆ ತುಂಬಿ ಮುಚ್ಚಿಬಿಡುತ್ತಿದ್ದುದರಿಂದ ಕೀಲಿಯನ್ನು ಬೇರೆಡೆಗೆ ಸಾಗಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಬ್ಯಾಟರಿ ಮುಗಿದರೆ ಕಚೇರಿಯವರು ಹೊಸ ಸಾಧನವನ್ನೇ ಕೊಡುತ್ತಿದ್ದರು.

ಈ ಲೆಕ್ಕಾಚಾರ ಫೋನಿಗೆ ಇಳಿದಾಗ ತೊಡಕು ಶುರುವಾಯಿತು. 2011ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 6238 ಎಂಬ ದಾಖಲೆಯಾಗಿ ಪ್ರಕಟವಾದ ಟಿಒಟಿಪಿ ವಿಧಾನವು, 1970ರ ಜನವರಿ 1ರಿಂದ ಈಚೆಗೆ 30 ಸೆಕೆಂಡಿನ ಎಷ್ಟು ತುಣುಕುಗಳು ಕಳೆದಿವೆಯೆಂದು ಎಣಿಸಿ, ಆ ಎಣಿಕೆಯನ್ನು ಕೀಲಿಯೊಡನೆ ಗಣಿತದ ಮೂಲಕ ಬೆರೆಸಿ, ಸಾಮಾನ್ಯವಾಗಿ 6 ಅಂಕಿಗಳನ್ನು ಹೊರತೆಗೆಯುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಡ, ಸಿಮ್ ಕೂಡ ಬೇಡ. 2010ರಲ್ಲಿ ಬಂದ ಗೂಗಲ್ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಕೀಲಿ ಫೋನಿಗೆ ಸೇರುತ್ತಿತ್ತು, ಆದರೆ ಅದನ್ನು ಮತ್ತೆ ಹೊರತೆಗೆಯುವ ದಾರಿಯನ್ನು ಆ್ಯಪ್ ಬಹುಕಾಲ ಕೊಡಲಿಲ್ಲ. ಭದ್ರತೆಯ ದೃಷ್ಟಿಯಿಂದ ಇದು ಸರಿಯೇ ಆದರೂ, ಕೆಲವೇ ವರ್ಷಕ್ಕೆ ಬದಲಾಗುವ ಫೋನನ್ನು ಬೀಗಹಾಕಿದ ಪೆಟ್ಟಿಗೆಯಂತೆ ಭಾವಿಸಿದ್ದು ಜನರ ನಡವಳಿಕೆಯನ್ನು ಅರಿಯದ ಎಣಿಕೆಯಾಗಿತ್ತು. ಹೊಸ ಫೋನು ಕೊಂಡವರು ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಖಾತೆಗೆ ಲಾಗಿನ್ ಆಗಿ ನೋಂದಣಿಯನ್ನು ಹೊಸದಾಗಿ ಮಾಡಬೇಕಿತ್ತು. ಅದಕ್ಕೆ ಮೊದಲೇ ಹಳೆಯ ಫೋನನ್ನು ಅಳಿಸಿ ಮಾರಿದವರಿಗೆ, ಕಾಗದದ ಮೇಲೆ ಬರೆದಿಟ್ಟ ಬ್ಯಾಕಪ್ ಕೋಡುಗಳೇ ಗತಿ.

ಭಾರತದಲ್ಲಿ ಈ ಪಾಡು ಅಷ್ಟಾಗಿ ಅನುಭವಕ್ಕೆ ಬರಲಿಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯಗೊಳಿಸಿದ ಮೇಲೆ ಕ್ರಮೇಣ ಎಸ್‌ಎಂಎಸ್ ಒಟಿಪಿಯೇ ರೂಢಿಯಾಯಿತು. ಅಲ್ಲಿ ಗುರುತು ಅಂಟಿಕೊಂಡಿರುವುದು ಫೋನಿಗಲ್ಲ, ಮೊಬೈಲ್ ನಂಬರಿಗೆ, ಹಾಗಾಗಿ ಸಿಮ್ಮನ್ನು ಹೊಸ ಫೋನಿಗೆ ಹಾಕಿದರೆ ಕೆಲಸ ಮುಗಿಯಿತು. ನಕಲಿ ದಾಖಲೆ ತೋರಿಸಿ ಬೇರೆಯವರ ನಂಬರಿಗೆ ಹೊಸ ಸಿಮ್ ಪಡೆಯುವ ವಂಚಕರಿಗೂ ಇದೇ ಅನುಕೂಲವಾಯಿತು ಎಂಬುದನ್ನು ಮರೆಯುವಂತಿಲ್ಲ.

2020ರಲ್ಲಿ ಗೂಗಲ್ ತನ್ನ ನಿಲುವನ್ನು ಸಡಿಲಿಸಿತು. ಹಳೆಯ ಫೋನಿನ ಪರದೆಯಲ್ಲಿ ಮೂಡುವ ಕ್ಯೂಆರ್ ಚೌಕವನ್ನು ಹೊಸ ಫೋನು ಓದಿಕೊಂಡರೆ ಹಲವು ಖಾತೆಗಳ ಕೀಲಿಗಳು ಒಟ್ಟಿಗೆ ದಾಟಿಬಿಡುತ್ತವೆ. ಆದರೆ ಕೀಲಿ ಇಲ್ಲಿ ನಕಲಾಗುತ್ತದೆಯೇ ಹೊರತು ಹಳೆಯ ಫೋನನ್ನು ಬಿಟ್ಟು ತಾನಾಗಿ ಹೋಗುವುದಿಲ್ಲ. ಅಲ್ಲಿಯದನ್ನು ಅಳಿಸುವವರೆಗೆ ಎರಡೂ ಫೋನುಗಳು ಒಂದೇ ಕ್ಷಣಕ್ಕೆ ಒಂದೇ ಆರು ಅಂಕಿಗಳನ್ನು ತೋರಿಸುತ್ತಿರುತ್ತವೆ, ಸರ್ವರಿಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಕೀಲಿಗಳನ್ನು ಗೂಗಲ್ ಖಾತೆಯಲ್ಲೇ ಉಳಿಸುವ ಸೌಲಭ್ಯ ಬಂದಾಗ, ಕಂಪನಿಗೂ ಓದಲಾಗದಂತೆ ಅವುಗಳನ್ನು ಗೂಢಲಿಪಿಗೊಳಿಸಿಲ್ಲವೆಂದು ಭದ್ರತಾ ಸಂಶೋಧಕರು ಕೆಲವೇ ದಿನಗಳಲ್ಲಿ ಆಕ್ಷೇಪಿಸಿದರು. ಪಾಸ್‌ವರ್ಡನ್ನೇ ಕೈಬಿಡಲು ಹೊರಟ ಪಾಸ್‌ಕೀ ವ್ಯವಸ್ಥೆಯಲ್ಲಿಯೂ ಕೀಲಿ ಸಾಗಿಸುವ ಸಮಸ್ಯೆ ಬೆನ್ನು ಬಿಡಲಿಲ್ಲ: ಒಂದು ಕಂಪನಿಯ ಆ್ಯಪ್‌ನಿಂದ ಇನ್ನೊಂದರದಕ್ಕೆ ಪಾಸ್‌ಕೀಗಳನ್ನು ಸುರಕ್ಷಿತವಾಗಿ ಒಯ್ಯುವ ನಿಯಮಗಳ ಕರಡನ್ನು, ಪಾಸ್‌ಕೀ ಮಾನದಂಡಗಳನ್ನು ರೂಪಿಸುವ ಫಿಡೊ ಒಕ್ಕೂಟ ಪ್ರಕಟಿಸಿದ್ದು 2024ರ ಅಕ್ಟೋಬರ್‌ನಲ್ಲಿ.