ಜೇಜುರಿಯ ದಸರಾ ಮತ್ತು ‘ಏಳುಕೋಟಿ’ಯ ಕೂಗು

ನೋಡಲು ಬಂದವರನ್ನು ನೋಡುಗರಾಗಿಯೇ ಉಳಿಯಗೊಡದ ಉತ್ಸವಗಳು ಕೆಲವಿವೆ. ಫ್ರಾನ್ಸಿನ ಕಡಲತೀರದ ನೀಸ್ ನಗರದ ಕಾರ್ನಿವಲ್ ಅಂಥದೊಂದು. 1873ರಲ್ಲಿ ಈಗಿನ ರೂಪ ತಳೆದ ಅದಕ್ಕೆ 1876ರಲ್ಲಿ ‘ಹೂವಿನ ಕಾಳಗ’ ಸೇರಿತು. ಅಲಂಕೃತ ರಥಗಳ ಮೇಲಿನವರು ನೆರೆದವರತ್ತ ಹೂವೆಸೆಯುತ್ತಾರೆ. ಬಾಣಬಿರುಸುಗಳೊಡನೆ ಉತ್ಸವ ಮುಗಿಯುತ್ತದೆ.

ಪುಣೆಯ ಕನ್ನಡಿಗರಾದ ನಾವು ಇದರ ಸೋದರ ರೂಪವನ್ನು ಕಾಣಲು ಕಡಲು ದಾಟಬೇಕಿಲ್ಲ. ದಿವೇಘಾಟವನ್ನೇರಿ, ಪುರಂದರ ತಾಲೂಕಿನ ಕೇಂದ್ರವಾದ ಸಾಸವಡವನ್ನು ಹಾಯ್ದರೆ ಖಂಡೋಬನ ಜೇಜುರಿ. ಸಾಸವಡದ ಮಗ್ಗುಲಲ್ಲಿ ಹರಿಯುವ ಕರ್ಹಾ ನದಿಯಲ್ಲಿಯೇ ಸೋಮವತಿ ಅಮಾವಾಸ್ಯೆಯಂದು ಆ ದೇವರಿಗೆ ಸ್ನಾನ. ವಿಜಯದಶಮಿಯ ಇರುಳು ಜೇಜುರಿಯ ಗಡದಿಂದ ಒಂದು ಪಲ್ಲಕ್ಕಿ, ಇನ್ನೂ ಎತ್ತರದ ಹಳೆಯ ಗುಡಿಯಾದ ಕಡೇಪಠಾರದಿಂದ ಮತ್ತೊಂದು ಪಲ್ಲಕ್ಕಿ ಇಳಿದು ಕಣಿವೆಯಲ್ಲಿ ಸಂಧಿಸುತ್ತವೆ. ಬಾಣಬಿರುಸು ಬೆಳಗುತ್ತದೆ. ಮರುದಿನ ಗಡದ ಮೇಲೆ ಸುಮಾರು 42 ಕಿಲೋ ತೂಕದ ಖಡ್ಗವನ್ನೆತ್ತುವ ಪಂದ್ಯ. ಇಲ್ಲಿ ಹೂವಿನ ಸ್ಥಾನದಲ್ಲಿ ಅರಿಸಿನದ ಭಂಡಾರ. ಎರಚಿದವರೂ ಎರಚಿಸಿಕೊಂಡವರೂ ಒಂದೇ ಬಣ್ಣ.

ಆ ಹಳದಿ ಧೂಳಿನ ನಡುವೆ ಏಳುವ ಘೋಷವೇ ನಮ್ಮ ಕಿವಿಯನ್ನು ನಿಲ್ಲಿಸುವುದು: ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’. ಇದರ ಮೂಲ ಕನ್ನಡದ ‘ಏಳು ಕೋಟಿ’ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ನೆರೆಯುವ ಭಕ್ತರ ಬಾಯಲ್ಲಿಯೂ ಇದೇ ಏಳುಕೋಟಿ. ಅಲ್ಲಿಯೂ ಪ್ರಸಾದದ ಹೆಸರು ಭಂಡಾರ. ಅಲ್ಲಿ ಗೊರವರು, ಇಲ್ಲಿ ವಾಘ್ಯಾ-ಮುರಳಿಯರು. ಅಲ್ಲಿ ಮೈಲಾರಲಿಂಗ, ಇಲ್ಲಿ ಮಲ್ಹಾರಿ.

ಒಂದು ಕನ್ನಡ ಮಾತು ಇಷ್ಟು ದೂರ ಬಂದುದು ರಾಜಾಜ್ಞೆಯಿಂದಲ್ಲ. ಜನಪದ ಕಥೆಯಲ್ಲಿ ಖಂಡೋಬನ ಹಿರಿಯ ಮಡದಿ ಮ್ಹಾಳಸೆ ಲಿಂಗಾಯತ ವಾಣಿಯರ ಮನೆಯವಳು, ಕಿರಿಯವಳಾದ ಬಾಣಾಯಿ ಧನಗರರ ಮಗಳು. ವ್ಯಾಪಾರಿಯ ಎತ್ತುಗಳೂ ಕುರಿಗಾರರ ಹಿಂಡುಗಳೂ ನಡೆದ ದಾರಿಯೇ ಈ ದೇವರ ದಾರಿಯೆಂಬುದಕ್ಕೆ ಆ ಎರಡು ಮದುವೆಗಳೇ ಕುರುಹು. ಆ ಧನಗರ ಕುಲದಲ್ಲಿ ಹುಟ್ಟಿ ಮಾಳವವನ್ನಾಳಿದ ಮಲ್ಹಾರರಾವ್ ಹೋಳ್ಕರನ ಹೆಸರಿನಲ್ಲಿಯೂ ಅವನ ಮಗ ಖಂಡೇರಾವನ ಹೆಸರಿನಲ್ಲಿಯೂ ಇದೇ ದೇವರಿದ್ದಾನೆ. ಜೇಜುರಿಯ ಕಟ್ಟಡಗಳಿಗೆ ಹೋಳ್ಕರ ಮನೆತನವೂ ಧನ ಸಲ್ಲಿಸಿತು.

ಇದನ್ನು ಹಕ್ಕುಸಾಧನೆಯ ಪುರಾವೆಯಾಗಿ ಎತ್ತಿ ಹಿಡಿಯುವುದು ನಮಗೆ ಸಲ್ಲದು. ಜೇಜುರಿ ಮರಾಠಿ ಮನೆಗಳ ಕುಲದೈವದ ಊರು. ಆ ಘೋಷವನ್ನು ಶತಮಾನಗಳಿಂದ ಕಾಪಾಡಿದವು ಮರಾಠಿ ಕಂಠಗಳೇ. ಆದರೆ ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಮನೆಯೊಳಗಿನ ಮಾತು ಮಾತ್ರವೆಂಬ ಭಾವನೆ ಬಲಿಯುತ್ತಿದೆ. ಅವರನ್ನು ಒಮ್ಮೆ ದಸರೆಯ ಇರುಳು ಜೇಜುರಿಗೆ ಕರೆದೊಯ್ಯೋಣ. ಸಾವಿರಾರು ಜನ ಏಕಕಂಠದಲ್ಲಿ ಕೂಗುವ ಆ ಮಾತಿನ ಅರ್ಥವನ್ನು, ಬಹುಶಃ, ಪಕ್ಕದಲ್ಲಿ ನಿಂತ ಮರಾಠಿ ಗೆಳೆಯನಿಗೆ ಅವರೇ ಹೇಳಿಯಾರು.