ಮನೆಯಲ್ಲಿ ಇಲಿ ಕಾಟವೇ? ಇಲಿ ಪಾಷಾಣ ತರುವ ಮುನ್ನ ಇದನ್ನು ಓದಿ

ಅಡುಗೆಮನೆಯ ಮೂಲೆಯಲ್ಲಿ ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ ಕಂಡರೆ ಮನೆಗೆ ಸುಂಡಿಲಿ ಬಂದಿದೆ ಎಂದರ್ಥ. ಮೊದಲು ಅದರ ದಾರಿ ಮುಚ್ಚಿ, ಊಟ ತಪ್ಪಿಸಿ.

ದಾರಿ ಮುಚ್ಚುವುದು: ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದಿದ್ದರೂ ಸುಂಡಿಲಿಗೆ ಸಾಕು. ಸಿಂಕ್ ಪೈಪಿನ ಸುತ್ತ, ಬಾಗಿಲಿನ ಕೆಳಗೆ, ಏಸಿ ಪೈಪ್ ಬರುವಲ್ಲಿ ನೋಡಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟ್ ಮೆತ್ತಿ.

ಊಟ ತಪ್ಪಿಸುವುದು: ಅಕ್ಕಿ, ಬೇಳೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ರಾತ್ರಿ ಕಸ, ಎಂಜಲು ತಟ್ಟೆ ಬಿಡಬೇಡಿ.

ಹಿಡಿಯುವುದು: ಬೋನನ್ನು ಗೋಡೆಗೆ ತಾಗಿಸಿಡಿ, ಇಲಿ ಓಡಾಡುವುದು ಗೋಡೆಯಂಚಿನಲ್ಲೇ.

ಸ್ವಚ್ಛಗೊಳಿಸುವುದು: ಒಣ ಹಿಕ್ಕೆಯನ್ನು ಗುಡಿಸಬೇಡಿ, ರೋಗಾಣುಗಳು ಧೂಳಿನೊಂದಿಗೆ ಏಳಬಹುದು. ಕೈಗವಸು ಹಾಕಿ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಒರೆಸಿ. ಇಲಿಯ ಮೂತ್ರದಿಂದ ಇಲಿ ಜ್ವರವೂ ಹರಡುತ್ತದೆ.

ಮಕ್ಕಳಿರುವ ಮನೆಗೆ ಪಾಷಾಣ ಬೇಡ. ಹಳದಿ ರಂಜಕವಿರುವ ಪೇಸ್ಟ್ ವಿಶೇಷವಾಗಿ ಅಪಾಯಕಾರಿ. ಅದನ್ನು ತಿಂದವರು ಒಂದೆರಡು ದಿನ ಚೆನ್ನಾಗಿರುವಂತೆ ಕಂಡರೂ, ಆಮೇಲೆ ಯಕೃತ್ತು ವಿಫಲವಾಗಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಯಾರಾದರೂ ಪಾಷಾಣ ತಿಂದರೆ ಲಕ್ಷಣಗಳಿಗಾಗಿ ಕಾಯಬೇಡಿ. ವಾಂತಿ ಮಾಡಿಸಬೇಡಿ, ಹಾಲು ಅಥವಾ ಎಣ್ಣೆ ಕುಡಿಸಬೇಡಿ. ಪಾಷಾಣದ ಪೊಟ್ಟಣ ಅಥವಾ ಟ್ಯೂಬ್ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅದರಲ್ಲಿರುವುದು ಯಾವ ವಿಷ ಎಂಬುದರ ಮೇಲೆಯೇ ಚಿಕಿತ್ಸೆ ನಿಂತಿದೆ. ತುರ್ತು ಸಹಾಯಕ್ಕೆ ದೇಶದೆಲ್ಲೆಡೆ 112ಕ್ಕೆ ಕರೆ ಮಾಡಬಹುದು.